ಕರೆದರೆ ಬರುವ ನಾಯಿ

ಸುಳ್ಳು ಹೇಳುವವರಿಗೆ ಅವಸರ ಜಾಸ್ತಿ, ಅದಕ್ಕೇ ಸಿಕ್ಕಿಬೀಳುತ್ತಾರೆ ಎನ್ನುವುದು ಅವನ ಇಪ್ಪತ್ತೆರಡು ವರ್ಷದ ಅನುಭವ. ಆದ್ದರಿಂದ ನಾಯಿಯನ್ನು ಕಾರಿನಿಂದ ಇಳಿಸುವ ಮೊದಲೇ, ಅದು ಹೇಗೆ ಕಳೆದುಹೋಯಿತು ಎನ್ನುವುದನ್ನು ನಾಲ್ಕು ಸಲ ಬಾಯಿಬಿಟ್ಟು ಹೇಳಿಕೊಂಡು ನೋಡಿದ. ವಿಮಾ ಕಂಪನಿಯಲ್ಲಿ ಅವನದು ಕ್ಲೇಮು ಪರಿಶೀಲಿಸುವ ಕೆಲಸ. ಅಂಗಡಿ ಸುಟ್ಟವರು, ಕಾರು ಗುದ್ದಿಸಿಕೊಂಡವರು, ಕ್ಯಾಮೆರಾ ಕಳೆದುಕೊಂಡವರು ಎದುರು ಕೂತು ಹೇಳಿದ್ದನ್ನೆಲ್ಲ ತಲೆಯಾಡಿಸುತ್ತ ಕೇಳಿಸಿಕೊಂಡು, ಹೊಲಿಗೆ ಎಲ್ಲಿ ಬಿಟ್ಟಿದೆ ಎಂದು ಹುಡುಕುವುದು. ನಿಜ ಹೇಳುವವನ ಮಾತಿನಲ್ಲಿ ಅಲ್ಲಲ್ಲಿ ತೂತು ಇರುತ್ತದೆ, ಸುಳ್ಳುಗಾರನ ಮಾತು ಇಸ್ತ್ರಿ ಮಾಡಿದ ಅಂಗಿಯ ಹಾಗೆ ನೀಟಾಗಿರುತ್ತದೆ. ಇದು ಗೊತ್ತಿದ್ದೇ ಅವನು ತನ್ನ ಕತೆಯಲ್ಲಿ ಬೇಕೆಂದು ಒಂದೆರಡು ತೂತು ಉಳಿಸಿಕೊಂಡಿದ್ದ. "ಬೇರೆ ನಾಯಿಗಳ ಜೊತೆ ಆಡ್ತಿತ್ತು ಅತ್ತಿಗೆ. ಒಂದೈದು ನಿಮಿಷ ಆ ಕಡೆ ಹೋಗಿದ್ದೆ, ಹತ್ತೂ ಆಗಿರಬಹುದು. ಬಂದು ನೋಡಿದ್ರೆ ಇಲ್ಲ." 'ಹತ್ತೂ ಆಗಿರಬಹುದು' ಎನ್ನುವ ತುಣುಕು ಅವನಿಗೆ ಬಹಳ ಹಿಡಿಸಿತು. ತನ್ನ ಮೇಲೆ ತಾನೇ ಐದು ನಿಮಿಷದ ತಪ್ಪು ಹೊರಿಸಿಕೊಳ್ಳುವವನನ್ನು ಯಾರು ಅನುಮಾನಿಸುತ್ತಾರೆ? ನಾಯಿ ಹಿಂದಿನ ಸೀಟಿನಲ್ಲಿ ಕೂತು ಇದೆಲ್ಲವನ್ನೂ ಕೇಳಿಸಿಕೊಂಡು ಆಕಳಿಸಿತು.

ಪಾರ್ಕು ಊರಿನ ಆ ತುದಿಗಿತ್ತು, ಮನೆಯಿಂದ ಮುಕ್ಕಾಲು ಗಂಟೆ. ಹಿಂದಿನ ಭಾನುವಾರ ಒಬ್ಬನೇ ಬಂದು, ಕಚೇರಿಯ ಭಾಷೆಯಲ್ಲಿ ಹೇಳುವುದಾದರೆ, ಸ್ಥಳ ಪರಿಶೀಲನೆ ಮುಗಿಸಿದ್ದ. ಮುಂದಿನ ಗೇಟಿನ ಪಕ್ಕದಲ್ಲೇ ತಂತಿಬೇಲಿ ಹಾಕಿದ ಒಂದು ಎಕರೆ ಜಾಗ, ಅಲ್ಲಿ ನಾಯಿಗಳನ್ನು ಬೆಲ್ಟು ಬಿಚ್ಚಿ ಓಡಾಡಲು ಬಿಡಬಹುದು. ಅದರಾಚೆಗೆ ಮರಗಳು ದಟ್ಟವಾಗಿ, ನಡುವೆ ಕಾಲುದಾರಿ ಸುತ್ತಿ ಬಳಸಿ ಹಿಂದಿನ ಗೇಟಿಗೆ ಹೋಗಿ ಮುಟ್ಟುತ್ತದೆ. ಕಾರನ್ನು ಹಿಂದಿನ ಗೇಟಿನಲ್ಲಿ ನಿಲ್ಲಿಸಬೇಕು, ನಾಯಿಯ ಜೊತೆ ಹೊರಗಿನ ಫುಟ್‌ಪಾತಿನಲ್ಲಿ ಸುತ್ತಿಕೊಂಡು ಮುಂದಿನ ಗೇಟಿನಿಂದ ಒಳಗೆ ಹೋಗಬೇಕು, ಅದನ್ನು ಬೇಲಿಯೊಳಗೆ ಬಿಟ್ಟು ತಾನು ಕಾಲುದಾರಿ ಹಿಡಿಯಬೇಕು. ಇದಕ್ಕೆ ಬಿಟ್ಟುಹೋಗುವುದು ಎನ್ನಬಾರದು. ನಾಯಿ ಕಂಡರೆ ಪ್ರಾಣ ಬಿಡುವ ಜನರ ನಡುವೆ ಒಂದು ನಾಯಿಯನ್ನು ಸೇರಿಸುವುದು, ಅಷ್ಟೇ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಆದರೂ ಕಾರಿನಿಂದ ಇಳಿಸುವಾಗ ಅದರ ಕೊರಳಪಟ್ಟಿಯಲ್ಲಿದ್ದ, ಅತ್ತಿಗೆಯ ಫೋನ್ ನಂಬರು ಕೊರೆದ ಬಿಲ್ಲೆಯನ್ನು ಬಿಚ್ಚಿ ಪ್ಯಾಂಟಿನ ಜೇಬಿಗೆ ಹಾಕಿಕೊಂಡ. ನಾಯಿ ಕತ್ತೆತ್ತಿ ಸಹಕರಿಸಿತು. ಅಂಗಿಯ ಗುಂಡಿ ಹಾಕಿಸಿಕೊಳ್ಳಲು ನಿಂತ ಮಗುವಿನ ಹಾಗೆ ನಿಂತಿತ್ತು. ಅವನಿಗೆ ರೇಗಿತು.

ನಾಯಿ ಅಣ್ಣನದು. ಅಣ್ಣ ಹೋಗಿ ಮೂರು ತಿಂಗಳಾಗಿತ್ತು. ಅತ್ತಿಗೆ ತಂಗಿಯ ಮನೆಗೆ ಹೋಗಿ ಇರುವುದೆಂದು ತೀರ್ಮಾನವಾದಾಗ, ಆ ಕಟ್ಟಡದಲ್ಲಿ ನಾಯಿಗೆ ಜಾಗವಿಲ್ಲವೆಂದು ತಿಳಿದಾಗ, ನೆಂಟರೆಲ್ಲ ಕೂತಿದ್ದ ನಡುಮನೆಯಲ್ಲಿ ಅತ್ತಿಗೆ ನೇರ ಅವನ ಮುಖ ನೋಡಿ, "ನೀನು ಇಟ್ಕೋತೀಯಾ? ನಿಮ್ಮಣ್ಣನ ಜೀವ ಕಣೋ ಅದು" ಎಂದಿದ್ದರು. ಹದಿನೈದು ಜೊತೆ ಕಣ್ಣು ಅವನ ಮೇಲಿತ್ತು. ಆಸ್ಪತ್ರೆಗೆ ಬಾರದ ತಮ್ಮನ ಮೇಲೆ. "ಅದೇನ್ ಮಹಾ, ಬಿಡಿ ಅತ್ತಿಗೆ" ಎಂದುಬಿಟ್ಟ. ಅಂದಿನಿಂದ ಇಪ್ಪತ್ತಾರು ದಿನ ಆ ನಾಯಿ ಅವನ ಮನೆಯ ಮುಂಬಾಗಿಲಿಗೆ ಮುಖ ಮಾಡಿ ಕೂತಿದೆ. ಊಟ ಹೆಂಡತಿ ಹಾಕಿದರೆ ತಿನ್ನುತ್ತದೆ, ಗಲೀಜು ಮಾಡುವುದಿಲ್ಲ, ಬೊಗಳುವುದಿಲ್ಲ. ದೂರು ಕೊಡಲು ಒಂದು ಕಾರಣವನ್ನೂ ಒದಗಿಸುವುದಿಲ್ಲ. ಸಂಜೆ ಅವನು ಬೀಗಕ್ಕೆ ಕೀ ಹಾಕಿದ ಸದ್ದಿಗೆ ಧಡಕ್ಕನೆ ಎದ್ದು, ಬಾಲ ಗೋಡೆಗೆ ಬಡಿಯುವಷ್ಟು ಅಲ್ಲಾಡಿಸಿ, ಬಾಗಿಲು ತೆರೆದು ಅವನ ಮುಖ ಕಾಣುತ್ತಲೇ ಬಾಲ ನಿಲ್ಲಿಸಿ ಮತ್ತೆ ಕೂತುಬಿಡುತ್ತದೆ. ದಿನವಿಡೀ ಕಚೇರಿಯಲ್ಲಿ ಊರವರ ಬೆವರಿಳಿಸಿ ಬಂದವನು ಪ್ರತಿ ಸಂಜೆ ಸ್ವಂತ ಮನೆಯ ಹೊಸ್ತಿಲಲ್ಲಿ ಒಂದು ನಾಯಿಯಿಂದ 'ಓ, ನೀನಾ' ಎನ್ನಿಸಿಕೊಳ್ಳುವುದೆಂದರೆ! "ಆಗಲ್ಲ ಅಂದ್ರೆ ಅತ್ತಿಗೆಗೆ ಹೇಳಿ, ಬೇರೆ ಯಾರಿಗಾದ್ರೂ ಕೊಡೋಣ. ಹೇಳೋಕೇನು ಕಷ್ಟ?" ಎಂದಿದ್ದಳು ಹೆಂಡತಿ. ಹೆಂಗಸರಿಗೆ ಎಲ್ಲವೂ ಸುಲಭ. ಆಗಲ್ಲ ಎಂದರೆ ಆಗದವನು ಅವನಾಗುತ್ತಾನೆ. ಕಳೆದುಹೋಯಿತು ಎಂದರೆ ಅದು ಅಪಘಾತ, ಯಾರ ತಪ್ಪೂ ಅಲ್ಲ. ಅಪಘಾತಗಳ ವಿಷಯ ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು.

ಬೇಲಿಯೊಳಗೆ ಆಗಲೇ ಏಳೆಂಟು ನಾಯಿಗಳೂ ಅಷ್ಟೇ ಜನ ಮನುಷ್ಯರೂ ಇದ್ದರು. ನಾಯಿಗಳು ಒಂದರ ಹಿಂದೆ ಒಂದು ಮೂಸುತ್ತ ಪರಿಚಯ ಮಾಡಿಕೊಳ್ಳುತ್ತಿದ್ದವು, ಮನುಷ್ಯರು ಅದೇ ಕೆಲಸವನ್ನು ಮಾತಿನಲ್ಲಿ ಮಾಡುತ್ತಿದ್ದರು. ಇಲ್ಲಿ ಯಾರಿಗೂ ಸ್ವಂತ ಹೆಸರಿಲ್ಲ ಎನ್ನುವುದನ್ನು ಅವನು ಕಳೆದ ವಾರವೇ ಗಮನಿಸಿದ್ದ. ನಾಯಿಯ ಹೆಸರು ಹೇಳಿ ಅದರ ಅಮ್ಮ, ಇದರ ಅಪ್ಪ ಎಂದು ಕರೆಯುವುದು ವಾಡಿಕೆ. ಕೊರಳಿಗೆ ಸೀಟಿ ನೇತುಹಾಕಿಕೊಂಡಿದ್ದ, ನಿವೃತ್ತ ಹೆಡ್‌ಮಿಸ್ ಎಂದು ಬೆನ್ನು ನೋಡಿದರೇ ತಿಳಿಯುವ ಹೆಂಗಸೊಬ್ಬರು ನೋಟ್‌ಬುಕ್ಕು ಹಿಡಿದು ಬಂದರು. ಅವರ ಹಿಂದೆ, ಸ್ವೆಟರು ತೊಡಿಸಿದ ಅಂಗೈಯಗಲದ ನಾಯಿಯೊಂದನ್ನು ಎದೆಗವಚಿಕೊಂಡ ದಂತವೈದ್ಯ. ತಾನು ದಂತವೈದ್ಯ ಎಂದು ಅವನು ಯಾರೂ ಕೇಳದೆಯೇ ಹೇಳಿದ, ಹೇಳುವಾಗ ಎದುರಿನವರ ಹಲ್ಲು ನೋಡಿದ.

"ಹೊಸಬರು," ಎಂದರು ಹೆಡ್‌ಮಿಸ್, ಪೆನ್ನು ತೆರೆದು. "ಹೆಸರೇನು?"

ಅವನು ತನ್ನ ಹೆಸರು ಹೇಳಲು ಬಾಯಿ ತೆರೆದ.

"ನಿಮ್ದಲ್ಲ. ನಾಯಿದು."

ಇದೊಂದನ್ನು ಅವನು ಯೋಚಿಸಿರಲಿಲ್ಲ. ನಾಲ್ಕು ಸಲ ತಾಲೀಮು ಮಾಡಿದ ಕತೆಯಲ್ಲಿ ನಾಯಿಗೆ ಹೆಸರೇ ಬಂದಿರಲಿಲ್ಲ, ಏಕೆಂದರೆ ಈ ಒಂಬತ್ತು ವರ್ಷದಲ್ಲಿ ಆ ಹೆಸರನ್ನು ಅವನು ಒಂದು ಸಲವೂ ಬಾಯಿಂದ ಆಡಿರಲಿಲ್ಲ. ಮನೆಯಲ್ಲೂ 'ಏಯ್' ಎನ್ನುತ್ತಿದ್ದ, ಇಲ್ಲವೇ 'ಅದು'. "ರಾಜ," ಎಂದ. ಹೇಳಿದ ತಕ್ಷಣ ನಾಲಿಗೆ ಕಚ್ಚಿಕೊಂಡ. ಬೇಡದ ಕಡೆ ಹೇಳಿದ ಸಣ್ಣ ಸುಳ್ಳೇ ದೊಡ್ಡ ಸುಳ್ಳನ್ನು ಹಿಡಿದುಕೊಡುವುದು ಎಂದು ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಪಾಠ ಹೇಳುತ್ತಿದ್ದವನು ತಾನೇ. "ರಾಜನ ಅಪ್ಪ," ಎಂದು ಹೆಡ್‌ಮಿಸ್ ಬರೆದುಕೊಂಡರು. "ರಾಜಾ! ಬಾ ಮರಿ, ಬಾ." ನಾಯಿ ತಿರುಗಿಯೂ ನೋಡಲಿಲ್ಲ. "ಸ್ವಲ್ಪ ಜಂಬ," ಎಂದರು ಅವರು. "ವಯಸ್ಸಾಗಿದೆ," ಎಂದ ಅವನು. "ಹಲ್ಲು ಚೆನ್ನಾಗಿದೆ," ಎಂದ ದಂತವೈದ್ಯ.

ಅದರ ಹೆಸರು ಪೆದ್ದು. ಅದಕ್ಕೂ ಮೊದಲು ಅದು ಅವನ ಹೆಸರಾಗಿತ್ತು. ಆರು ವರ್ಷದವನಿದ್ದಾಗ, ಬೀದಿಯ ಕೊನೆಯ ಅಂಚೆ ಡಬ್ಬದೊಳಗೆ ಒಬ್ಬ ಕುಳ್ಳ ಕೂತಿರುತ್ತಾನೆ, ಕಾಗದ ಬಿದ್ದ ಕೂಡಲೇ ಓದಿ ವಿಳಾಸಕ್ಕೆ ಓಡುತ್ತಾನೆ ಎಂದು ಅಣ್ಣ ಹೇಳಿದ್ದ. ಪಾಪ, ಅವನಿಗೆ ಹಸಿವಾಗುವುದಿಲ್ಲವೇ ಎಂದು ಇವನು ದಿನಾ ತನ್ನ ಪಾಲಿನ ಅರ್ಧ ಬಿಸ್ಕತ್ತನ್ನು ಡಬ್ಬದ ಬಾಯಿಗೆ ಹಾಕಿ ಬರುತ್ತಿದ್ದ. ಹೀಗೇ ಒಂದು ವಾರ. ಕೊನೆಗೆ ಅಂಚೆಯವನು ಇರುವೆ ಮುತ್ತಿದ ಕಾಗದಗಳನ್ನು ಹಿಡಿದು ಮನೆಗೆ ಬಂದಾಗ ಅಣ್ಣ ನಕ್ಕು ನಕ್ಕು ನೆಲಕ್ಕೆ ಬಿದ್ದಿದ್ದ. ಅಂದಿನಿಂದ ಪೆದ್ದು. ಬೀದಿಯಲ್ಲಿ ಪೆದ್ದು, ಶಾಲೆಯ ಬಾಗಿಲಲ್ಲಿ ಪೆದ್ದು, ಮದುವೆಯ ದಿನ ಹೆಂಡತಿಯ ಕಡೆಯವರೆಲ್ಲರ ಎದುರಿಗೆ ಪೆದ್ದು. ಪ್ರಪಂಚದಲ್ಲಿ ಯಾರ ಮಾತನ್ನೂ ನಂಬದಿರುವುದಕ್ಕೆ ಸಂಬಳ ಕೊಡುವ ಕೆಲಸವನ್ನೇ ಹುಡುಕಿ ಸೇರಿದ ಮೇಲೂ ಅಣ್ಣನ ಬಾಯಲ್ಲಿ ಅವನು ಪೆದ್ದುವೇ. ಒಂಬತ್ತು ವರ್ಷದ ಹಿಂದೆ ಅಣ್ಣ ಫೋನ್ ಮಾಡಿ, "ನಾಯಿ ಸಾಕ್ಕೊಂಡಿದೀನಿ ಕಣೋ. ನಿನ್ನ ಹೆಸರೇ ಇಟ್ಟಿದೀನಿ. ನೀನಂತೂ ಕರೆದ್ರೆ ಬರಲ್ಲ, ಇದಾದ್ರೂ ಬರುತ್ತೆ" ಎಂದು ಅದೇ ನೆಲಕ್ಕೆ ಬೀಳುವ ನಗೆ ನಕ್ಕಿದ್ದ. ಅವನು ಫೋನ್ ಇಟ್ಟಿದ್ದ. ಆಮೇಲೆ ಆ ಮನೆಗೆ ಹೋಗುವುದು ವರ್ಷಕ್ಕೊಮ್ಮೆಯಾಯಿತು, ಕಾಲೂರಿ ಕೂರದೆ ಬರುವುದಾಯಿತು. ನಾಯಿಗೆ ತನ್ನ ಹೆಸರಿಟ್ಟವರ ಮನೆಯಲ್ಲಿ ಕೂತು, ಅವರು ಆ ಹೆಸರು ಕೂಗಿದಾಗೆಲ್ಲ ಕತ್ತು ತಿರುಗಿಸದಿರಲು ಕಷ್ಟಪಡುವುದು ಯಾರಿಗೆ ಬೇಕು.

ಬೆಲ್ಟು ಬಿಚ್ಚಿದ. ನಾಯಿ ಅಲ್ಲಿಯೇ ನಿಂತಿತು. "ಹೋಗು," ಎಂದ. ಅದು ನಾಲ್ಕು ಹೆಜ್ಜೆ ಹೋಗಿ, ಬೇರೆ ನಾಯಿಗಳು ಬಂದು ಮೂಸಿದ್ದನ್ನು ಸಹಿಸಿಕೊಂಡು, ಬೇಲಿಯ ಬುಡದಲ್ಲಿ ರಸ್ತೆಯ ಕಡೆ ಮುಖಮಾಡಿ ಕೂತಿತು. ಇಲ್ಲಿಯೂ! ಇನ್ನು ಯಾವ ಪಾಪವೂ ಇಲ್ಲ ಎಂದುಕೊಂಡ, ಮನೆಯಲ್ಲಿ ಕೂತರೇನು, ಇಲ್ಲಿ ಕೂತರೇನು. ಹೆಡ್‌ಮಿಸ್ ಯಾವುದೋ ಜಗಳ ಬಿಡಿಸಲು ಸೀಟಿ ಊದುತ್ತ ಆ ಕಡೆ ಓಡಿದಾಗ ಅವನು ಬೇಲಿಯ ಗೇಟು ತೆಗೆದು ಹೊರಬಿದ್ದ.

ಕಾಲುದಾರಿಯಲ್ಲಿ ತಂಪಿತ್ತು. ಒಂದೊಂದು ಮರಕ್ಕೂ ಯಾರಿಗೂ ಅರ್ಥವಾಗದ ಭಾಷೆಯಲ್ಲಿ ಹೆಸರಿನ ಹಲಗೆ ಹೊಡೆದಿದ್ದರು. ಎದುರಿಗೆ ಓಡುತ್ತ ಬಂದ ಗಂಡಹೆಂಡತಿಯ ಪೈಕಿ ಹೆಂಡತಿ ಅವನ ಕೈ ನೋಡಿ, "ನಾಯಿ ಎಲ್ಲಿ?" ಎಂದು ನಕ್ಕು ಮುಂದೆ ಹೋದಳು. ಆಗಲೇ ಅವನಿಗೆ ಕಂಡದ್ದು, ಬೆಲ್ಟು ಕೈಯಲ್ಲೇ ಇತ್ತು. ಇಪ್ಪತ್ತೆರಡು ವರ್ಷ! ಬೆಂಕಿ ಹಚ್ಚಿದವನು ಬೆಂಕಿಪೊಟ್ಟಣ ಹಿಡಿದುಕೊಂಡೇ ಕಚೇರಿಗೆ ಬಂದದ್ದನ್ನು ಅವನೆಂದೂ ಕಂಡಿರಲಿಲ್ಲ. ಸುತ್ತಿ ಜೇಬಿಗೆ ತುರುಕಲು ನೋಡಿದ, ಹಿಡಿಸಲಿಲ್ಲ; ಅಂಗಿಯೊಳಗೆ ತುರುಕಿದ, ಹೊಟ್ಟೆ ಬಂದವನ ಹಾಗೆ ಕಾಣಿಸಿತು. ಕುಂಬಳಕಾಯಿ ಕಳ್ಳ ಎಂದು ಯಾರೂ ಅಂದಿರಲಿಲ್ಲ, ಅವನು ಹೆಗಲು ಮುಟ್ಟಿಕೊಂಡು ನಡೆಯುತ್ತಿದ್ದ. ಅಣ್ಣ ಹೋದ ದಿನ ಒಂದು ಹಾಸಿಗೆ ಗೋದಾಮಿನಲ್ಲಿಯೂ ಹೀಗೇ ನಡೆದಿದ್ದ, ಸುಟ್ಟ ಹತ್ತಿಯ ವಾಸನೆಯಲ್ಲಿ ಟೇಪು ಹಿಡಿದು ಗೋಡೆಯ ಮಸಿ ಅಳೆಯುತ್ತ. ಜೇಬಿನಲ್ಲಿ ಫೋನು ಮೂರು ಸಲ ನಡುಗಿತ್ತು, ಅಣ್ಣನ ನಂಬರು. ಆಸ್ಪತ್ರೆಯಲ್ಲಿ ಮಲಗಿ ಬೇಜಾರಾಗಿ ಗೇಲಿ ಮಾಡಲು ಮಾಡಿರುತ್ತಾನೆ, ಸಂಜೆ ಮಾತಾಡಿದರಾಯಿತು ಎಂದುಕೊಂಡಿದ್ದ. ಸಂಜೆ ಅವನು ಮಾಡಿದಾಗ ಫೋನು ಎತ್ತಿದ್ದು ಅತ್ತಿಗೆ. ನೆಂಟರಿಗೆಲ್ಲ 'ಕೆಲಸದಲ್ಲಿದ್ದೆ, ಗೊತ್ತಾಗಲಿಲ್ಲ' ಎಂದು ಹೇಳಿದ್ದ, ಅದು ಚೊಕ್ಕವಾಗಿ ನಿಂತಿತ್ತು. ಮೂರು ಸಲ ನೋಡಿ ಮೂರು ಸಲವೂ ಜೇಬಿಗೆ ಹಾಕಿಕೊಂಡದ್ದನ್ನು ಯಾರಿಗೂ ಹೇಳಿರಲಿಲ್ಲ.

ಕಾರು ಕಾಣುವಷ್ಟು ಹತ್ತಿರ ಬಂದಾಗ ಮರಗಳಾಚೆಯಿಂದ ಸೀಟಿ ಕೇಳಿಸಿತು. ಆಮೇಲೆ ದನಿಗಳು. "ರಾಜಾ... ರಾಜಾ..." ಒಂದು ಹೆಂಗಸಿನದು, ಒಂದು ಗಂಡಸಿನದು, ಆಮೇಲೆ ನಾಲ್ಕೈದು. ಏನಾಯಿತೆಂದು ಯಾರೂ ಹೇಳಬೇಕಾಗಿರಲಿಲ್ಲ. ಯಾರೋ ಒಳಗೆ ಬರುವಾಗ ನಾಯಿ ಬೇಲಿಯ ಗೇಟಿನ ಸಂದಿಯಲ್ಲಿ ನುಸುಳಿ ಹೊರಗೆ ಹೋಗಿದೆ. ಅವನು ಕಾರಿನಲ್ಲಿ ಕೂತು ಬಾಗಿಲು ಹಾಕಿಕೊಂಡ, ಗಾಜು ಏರಿಸಿದ. ದನಿಗಳು ನಿಂತವು. ಮೆಚ್ಚತಕ್ಕ ವಿಷಯ, ಎಂದುಕೊಂಡ: ಕತೆ ಹೇಳಬೇಕಾದ ಅಗತ್ಯವೇ ಈಗಿಲ್ಲ, ಅದು ಹೇಳಿದಂತೆಯೇ ನಡೆದುಹೋಗಿದೆ. ನಾಯಿ ನಿಜವಾಗಿಯೂ ಕಳೆದುಹೋಗಿದೆ. ಸಾಕ್ಷಿಗಳಿದ್ದಾರೆ, ನೋಟ್‌ಬುಕ್ಕಿನಲ್ಲಿ ದಾಖಲೆಯಿದೆ. ಇಷ್ಟು ಗಟ್ಟಿಯಾದ ಕ್ಲೇಮು ಅವನ ಮೇಜಿಗೆ ಇದುವರೆಗೆ ಬಂದದ್ದಿಲ್ಲ. ಕೀ ತಿರುಗಿಸಿದ, ಎಂಜಿನ್ ಹೊತ್ತಿತು. ಅವರು ಸಂಜೆಯವರೆಗೂ ಕೂಗುತ್ತಾರೆ, ಒಳ್ಳೆಯ ಜನ. ಆ ನಾಯಿ ಯಾವುದೋ ಮರದ ಬುಡದಲ್ಲಿ ಕಿವಿ ನಿಮಿರಿಸಿಕೊಂಡು, ಇಷ್ಟೊಂದು ಜನ ಯಾವುದೋ ರಾಜನನ್ನು ಕರೆಯುವುದನ್ನು ಕೇಳಿಸಿಕೊಳ್ಳುತ್ತ ಕೂತಿರುತ್ತದೆ, ತನ್ನನ್ನೇ ಎಂದು ತಿಳಿಯದೆ. ಕರೆದರೆ ಬರುವ ನಾಯಿ ಅದು. ಅದರ ಹೆಸರು ಹಿಡಿದು ಕರೆಯಬಲ್ಲವನು ಈ ಪಾರ್ಕಿನಲ್ಲಿ ಒಬ್ಬನೇ, ಅವನು ಗಾಜು ಏರಿಸಿಕೊಂಡು ಕೂತಿದ್ದಾನೆ. ಅವನಿಗೆ ತಡೆಯಲಾಗಲಿಲ್ಲ. ಒಳ್ಳೆಯತನದಿಂದ ಅಂತೇನಲ್ಲ. ಎಂಜಿನ್ ಆರಿಸುವುದನ್ನು ಮರೆತು ಇಳಿದ, ಮತ್ತೆ ಬಂದು ಆರಿಸಿದ, ಓಡಿದ.

ಬೇಲಿಯ ಹತ್ತಿರ ಬರುವ ಹೊತ್ತಿಗೆ ಉಸಿರು ಕಟ್ಟಿತ್ತು, ಅಂಗಿಯೊಳಗಿನ ಬೆಲ್ಟು ಜಾರಿ ಹೊರಗೆ ನೇತಾಡುತ್ತಿತ್ತು. ಹೆಡ್‌ಮಿಸ್ ಎರಡು ತಂಡ ಮಾಡಿ ಎರಡು ದಿಕ್ಕಿಗೆ ಕಳಿಸಿ, ಮೂರನೆಯದನ್ನು ಸಾಲು ನಿಲ್ಲಿಸುತ್ತಿದ್ದರು. ಬೈಯುತ್ತಾರೆಂದು ಅವನು ತಯಾರಾಗಿದ್ದ. ಬೈದಿದ್ದರೆ ಎಷ್ಟೋ ಸುಖವಿತ್ತು.

"ಪಾಪ, ಎಲ್ಲಿ ಹೋಗಿದ್ರಿ? ಹೇಗೆ ಓಡಿ ಬಂದಿದಾರೆ ನೋಡಿ," ಎಂದರು ಅವರು. "ಕೂತ್ಕೊಳ್ಳಿ. ಸಿಗುತ್ತೆ. ನಮ್ಮದೇ ತಪ್ಪು."

"ಟಾಯ್ಲೆಟ್ಟಿಗೆ," ಎಂದ. "ಐದು ನಿಮಿಷ. ಹತ್ತೂ ಆಗಿರಬಹುದು."

ಯಾರೂ ಅನುಮಾನಿಸಲಿಲ್ಲ. ದಂತವೈದ್ಯ ಸ್ವೆಟರು ನಾಯಿಯನ್ನು ಒಂದು ಕೈಗೆ ಬದಲಿಸಿ ನೀರಿನ ಬಾಟಲಿ ಕೊಟ್ಟ. "ಕೊರಳಲ್ಲಿ ನಂಬರ್ ಇರಲಿಲ್ವಾ ಸಾರ್?"

"ಬಿದ್ದುಹೋಗಿರಬೇಕು," ಎಂದ ಅವನು, ಜೇಬಿನಲ್ಲಿ ಬಿಲ್ಲೆಯನ್ನು ಬಿಗಿಯಾಗಿ ಹಿಡಿದು.

"ನೀವೇ ಕರೀರಿ ಈಗ," ಎಂದು ಹೆಡ್‌ಮಿಸ್ ಅವನನ್ನು ಗೇಟಿನ ಬಾಯಲ್ಲಿ ಮರಗಳ ಕಡೆ ಮುಖ ಮಾಡಿ ನಿಲ್ಲಿಸಿದರು. "ನಮ್ಮ ದನಿಗೆ ಯಾಕೆ ಬರುತ್ತೆ ಅದು? ಸಾಕಿದವರು ಕರೆದ್ರೆ ಬರ್ದೇ ಇರುತ್ತಾ? ಎಲ್ರೂ ಸುಮ್ನಿರಿ!" ಸೀಟಿ ಊದಿದರು. ಉಳಿದಿದ್ದ ಜನ, ನಾಯಿಗಳು, ಎಲ್ಲರೂ ಸುಮ್ಮನಾಗಿ ಅವನ ಬಾಯಿ ನೋಡುತ್ತ ನಿಂತರು.

"ರಾಜಾ," ಎಂದ. ಆ ಹೊತ್ತಿನಲ್ಲಿಯೂ. ಮತ್ತೊಮ್ಮೆ, ಇನ್ನಷ್ಟು ಗಟ್ಟಿಯಾಗಿ, "ರಾಜಾ!" ಮರಗಳಲ್ಲಿ ಏನೂ ಅಲುಗಲಿಲ್ಲ. ಪ್ರೋತ್ಸಾಹಕ್ಕೆಂದು ದಂತವೈದ್ಯ ಅವನ ಬೆನ್ನು ಸವರಿದ. ಆ ಸವರುವಿಕೆಗೆ ಅವನು ಅರ್ಹನಲ್ಲ ಎಂದು ಮೈಯೆಲ್ಲ ಕೂಗಿತು. ಇಪ್ಪತ್ತೆರಡು ವರ್ಷದಲ್ಲಿ ಎಷ್ಟು ಜನ ಅವನ ಮೇಜಿನೆದುರು ಹೀಗೇ ಬೆವರಿದ್ದರು, ಒಂದು ಸಣ್ಣ ಸುಳ್ಳನ್ನು ನುಂಗಲೂ ಆಗದೆ ಉಗುಳಲೂ ಆಗದೆ. ಅವನು ಪೆನ್ನಿನ ತುದಿಯಿಂದ ಮೇಜು ತಟ್ಟುತ್ತ ಕಾದು ಕೂತಿರುತ್ತಿದ್ದ, ಒಳಗೊಳಗೇ ನಗುತ್ತ.

"ಪೆದ್ದು," ಎಂದ, ಮೆಲ್ಲಗೆ.

"ಏನಂದ್ರಿ?" ಎಂದರು ಹೆಡ್‌ಮಿಸ್.

"ಪೆದ್ದೂ!"

"ಯಾರಿಗ್ರೀ ಅನ್ನೋದು? ಸಹಾಯ ಮಾಡೋಕೆ ಬಂದ್ರೆ..."

ಅವನು ಕಣ್ಣು ಮುಚ್ಚಿ, ಎರಡು ಕೈಯನ್ನೂ ಬಾಯಿಗೆ ಹಿಡಿದು, ಹೊಟ್ಟೆಯ ತಳದಿಂದ ಕೂಗಿದ. "ಪೆದ್ದೂ... ಏ ಪೆದ್ದೂ... ಬಾರೋ!" ಕೂಗು ಬಾಯಿಂದ ಹೊರಬಿದ್ದ ಮೇಲೆ ಅದು ಯಾರದೆಂದು ಅವನಿಗೆ ಗೊತ್ತಾಯಿತು. ಮೊದಲಕ್ಷರವನ್ನು ಒತ್ತಿ, ಎರಡನೆಯದನ್ನು ಎಳೆದು, 'ಬಾರೋ' ಎನ್ನುವಾಗ ಇನ್ನೇನು ನಗು ಬರುವಂತೆ ದನಿ ಏರಿಸುವುದು ಅಣ್ಣನ ರೀತಿ. ಕತ್ತಲಾದರೂ ಆಟ ಬಿಟ್ಟು ಬಾರದ ತಮ್ಮನನ್ನು ಊಟಕ್ಕೆ ಕರೆಯಲು ಬೀದಿಯ ತುದಿಗೆ ಬಂದು ನಿಂತು ಅಣ್ಣ ಕೂಗುತ್ತಿದ್ದದ್ದು ಹೀಗೇ. ಇವನು ಬರುವವರೆಗೂ ಅಣ್ಣ ಊಟಕ್ಕೆ ಕೂರುತ್ತಿರಲಿಲ್ಲ. ಇದು ಅವನಿಗೆ ಇಷ್ಟು ವರ್ಷವೂ ಗೊತ್ತಿತ್ತು, ಗೊತ್ತಿಲ್ಲದವನ ಹಾಗಿದ್ದ.

ನಾಯಿ ಮರಗಳ ನಡುವಿನಿಂದ ಹೊರಬಂತು. ವಯಸ್ಸಾದ ಕಾಲುಗಳು ತಡವರಿಸುತ್ತಿದ್ದವು, ಆದರೂ ಓಡುತ್ತಿತ್ತು. ಆ ನಾಯಿ ಓಡಿದ್ದನ್ನು ಅವನು ನೋಡಿಯೇ ಇರಲಿಲ್ಲ. ಬಾಲವಷ್ಟೇ ಅಲ್ಲ, ಸೊಂಟದಿಂದ ಹಿಂದಕ್ಕೆ ಇಡೀ ಮೈ ಅಲ್ಲಾಡುತ್ತಿತ್ತು. ನೆರೆದವರು ಚಪ್ಪಾಳೆ ತಟ್ಟಿದರು. ಅವನು ಮಂಡಿಯೂರಿ ತೋಳು ಚಾಚಿದ. ನಾಯಿ ಅವನನ್ನು ಬಳಸಿಕೊಂಡು ತೆರೆದ ಗೇಟಿನಿಂದ ಒಳಗೆ ನುಗ್ಗಿತು. ಬೇಲಿಯೊಳಗಿನ ಒಬ್ಬೊಬ್ಬರ ಹತ್ತಿರವೂ ಓಡಿ ಮೂಸಿತು, ಬೆಂಚಿನ ಕೆಳಗೆ ನೋಡಿತು, ಹಿಂದೆ ನೋಡಿತು. ಒಂದು ಸುತ್ತು ಮುಗಿಸಿ ಎರಡನೆಯ ಸುತ್ತು ಹಾಕಿತು. ಚಪ್ಪಾಳೆ ಒಂದೊಂದಾಗಿ ನಿಂತಿತು. ಕೊನೆಗೆ ಅದು ಅವನ ಮುಂದೆ ಬಂದು ನಿಂತು, ಇಂಥ ದನಿ ಇವನ ಬಾಯಿಂದ ಹೇಗೆ ಬಂತು ಎಂದು ಕೇಳುವ ಹಾಗೆ, ಅವನ ಬಾಯಿಯನ್ನೇ ಮೂಸಿತು.

"ಅವನಲ್ಲ ಕಣೋ, ನಾನು," ಎಂದ ಅವನು. "ಅವನು ಬರಲ್ಲ."

ಆಮೇಲೆ ತಡೆಯಲಾಗಲಿಲ್ಲ. ಅಣ್ಣನನ್ನು ಕಳಿಸಿಕೊಟ್ಟ ದಿನ ಕಣ್ಣೊದ್ದೆಯಾಗದೆ ಓಡಾಡಿ, ಗಟ್ಟಿಗ ಎನ್ನಿಸಿಕೊಂಡಿದ್ದವನು, ಕಂಡು ಕೇಳದ ಜನರೆದುರು, ಅಂಗಿಯಿಂದ ನೇತಾಡುವ ಬೆಲ್ಟಿನ ಸಮೇತ, ಬಾಯಿ ತೆರೆದು ಗೊಳೋ ಎಂದು ಅತ್ತ. ನಾಯಿ ಕದಲದೆ ನಿಂತು ಅವನನ್ನು ಅಳಲು ಬಿಟ್ಟಿತು. ಹೆಡ್‌ಮಿಸ್ ನೋಟ್‌ಬುಕ್ಕು ತೆರೆದು 'ರಾಜ' ಎಂದು ಬರೆದದ್ದನ್ನು ನೋಡಿದರು, ಅವನನ್ನು ನೋಡಿದರು, ನಾಯಿಯನ್ನು ನೋಡಿದರು. ಎಲ್ಲವೂ ಅವರಿಗೆ ಗೊತ್ತಾಯಿತೆಂದು ಅವನಿಗೆ ಗೊತ್ತಾಯಿತು. ಮೂವತ್ತು ವರ್ಷ ಮಕ್ಕಳ ಸುಳ್ಳು ಕೇಳಿದವರು. ಅವರು ಪುಸ್ತಕ ಮುಚ್ಚಿದರು.

"ಮೊದಲು ಎದ್ದು ಗೇಟ್ ಹಾಕಿ," ಎಂದರು. "ಬೇರೆಯವರ ನಾಯಿಗಳೂ ಇದಾವೆ. ಆಮೇಲೆ ಎಷ್ಟು ಬೇಕಾದ್ರೂ ಅಳಿ."

ಅವನು ಎದ್ದು ಗೇಟು ಹಾಕಿದ.